ಚೆಂಡಿಗೆ ಲಗಾಮು ಹಾಕಿದರೆ ಗಾಲ್ಫ್ ಉಳಿದೀತೇ?

ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಈ ಎರಡು ನಿಯಮಗಳ ಬಗ್ಗೆ ಇವತ್ತು ಯಾರಿಗೂ ತಕರಾರಿಲ್ಲ. ಜಗಳ ಇರುವುದು ಮೂರನೆಯದರ ಮೇಲೆ. ಪ್ರಯೋಗಾಲಯದ ಯಂತ್ರ ನಿಗದಿತ ವೇಗದಲ್ಲಿ ಹೊಡೆದಾಗ ಚೆಂಡು 317 ಗಜ, ಮೇಲೆ 3 ಗಜದ ರಿಯಾಯಿತಿ, ಇದನ್ನು ದಾಟಬಾರದು. 2004ರಿಂದ ಆ ಯಂತ್ರದ ವೇಗ ಗಂಟೆಗೆ 120 ಮೈಲಿ ಇತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ, ಅಂದರೆ ಗಾಲ್ಫ್ ನಿಯಮ ಬರೆಯುವ ಎರಡು ಸಂಸ್ಥೆಗಳು, 2023ರ ಡಿಸೆಂಬರಿನಲ್ಲಿ ಆ ವೇಗವನ್ನು 125ಕ್ಕೆ ಏರಿಸುವುದಾಗಿ ಸಾರಿದವು. ಚೆಂಡು ಮೇಲೇಳುವ ಕೋನ ಸುಮಾರು 10 ಡಿಗ್ರಿಯಿಂದ 11ಕ್ಕೆ ಹೋಯಿತು, ಸ್ಪಿನ್ ನಿಮಿಷಕ್ಕೆ 2,520 ಸುತ್ತಿನಿಂದ 2,220ಕ್ಕೆ ಇಳಿಯಿತು. ದೂರದ ಮಿತಿ ಮಾತ್ರ ಕದಲಲಿಲ್ಲ.

ಇನ್ನೂ ಜೋರಾಗಿ ಹೊಡೆದರೂ ಚೆಂಡು ಅಷ್ಟೇ ದೂರ ಹೋಗಬೇಕು ಎಂಬುದು ಇದರ ಅರ್ಥ. ಹಾಗಾಗಬೇಕಾದರೆ ಈಗ ವೃತ್ತಿಪರರು ಆಡುತ್ತಿರುವ ಚೆಂಡುಗಳನ್ನು ಮಂದಗೊಳಿಸಬೇಕು. ಆಗ ಪ್ರಕಟವಾದ ವೇಳಾಪಟ್ಟಿಯ ಪ್ರಕಾರ ಉನ್ನತ ಮಟ್ಟದ ಸ್ಪರ್ಧೆಗಳಿಗೆ 2028ರ ಜನವರಿ, ಉಳಿದೆಲ್ಲರಿಗೂ 2030ರ ಜನವರಿ ಗಡುವು. ಅತಿ ದೂರ ಹೊಡೆಯುವವರು 13ರಿಂದ 15 ಗಜ, ಟೂರ್‌ನ (ವೃತ್ತಿಪರರ ಟೂರ್ನಿ ಸರಣಿ) ಸರಾಸರಿ ಆಟಗಾರ 9ರಿಂದ 11 ಗಜ, ಮಹಿಳಾ ಟೂರ್‌ನವರು 5ರಿಂದ 7 ಗಜ, ಹವ್ಯಾಸಿಗಳು ಹೆಚ್ಚೆಂದರೆ 5 ಗಜ ಕಳೆದುಕೊಳ್ಳುತ್ತಾರೆ ಎಂಬುದು ಸಂಸ್ಥೆಗಳ ಅಂದಾಜು.

ತಂತ್ರಜ್ಞಾನ ಗಾಲ್ಫನ್ನು ಕೆಡಿಸಿದೆಯೇ ಎಂಬ ಹಳೆಯ ಜಗಳ ಹೀಗೆ ಹದಿನೈದು ಗಜದ ಲೆಕ್ಕಕ್ಕೆ ಬಂದು ನಿಂತಿದೆ. ಆದರೆ ದೂರ ಎನ್ನುವುದು ಅಳೆಯಲು ಸುಲಭವಾದ ಸಂಗತಿ, ಅಷ್ಟೇ. ಆಟದಿಂದ ನಿಜವಾಗಿ ಮಾಯವಾಗಿರುವುದು ತಪ್ಪು ಹೊಡೆತಕ್ಕೆ ತೆರಬೇಕಿದ್ದ ದಂಡ. ಅದನ್ನು ಕಸಿದುಕೊಂಡದ್ದರಲ್ಲಿ ಚೆಂಡಿಗಿಂತ ಡ್ರೈವರ್‌ನ, ಅಂದರೆ ಅತಿ ದೂರ ಹೊಡೆಯಲು ಬಳಸುವ ದೊಡ್ಡ ತಲೆಯ ಗಾಲ್ಫ್ ಕೋಲಿನ (ಕ್ಲಬ್), ಕೈವಾಡವೇ ದೊಡ್ಡದು. ಹೊಸ ನಿಯಮ ಅದರ ತಂಟೆಗೆ ಹೋಗಿಲ್ಲ.

ಹೊಸ ಸಲಕರಣೆಯ ಬಗ್ಗೆ ಗೊಣಗಾಟ ಈ ಆಟಕ್ಕೆ ಹೊಸದಲ್ಲ. ಚರ್ಮದ ಚೀಲಕ್ಕೆ ಪುಕ್ಕ ತುರುಕಿ ಹೊಲಿದ ಚೆಂಡುಗಳ ಕಾಲದಲ್ಲಿ, 1848ರ ಸುಮಾರಿಗೆ, ಗಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಂತು. ಪುಕ್ಕದ ಚೆಂಡು ಮಾಡಿ ಬದುಕುತ್ತಿದ್ದ ಅಲನ್ ರಾಬರ್ಟ್‌ಸನ್‌ಗೂ ಅವರ ಬಳಿ ಕೆಲಸಕ್ಕಿದ್ದ ಟಾಮ್ ಮಾರಿಸ್‌ಗೂ ಇದೇ ಕಾರಣಕ್ಕೆ ಮನಸ್ತಾಪವಾಗಿ ಮಾರಿಸ್ ಹೊರನಡೆದರು. 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ದಾರ ಸುತ್ತಿದ ಚೆಂಡು ಕಂಡುಹಿಡಿದರು. 1902ರ ಬ್ರಿಟಿಷ್ ಓಪನ್ ಟೂರ್ನಿಯಲ್ಲಿ ಸ್ಯಾಂಡಿ ಹರ್ಡ್ ಅದನ್ನೇ ಆಡಿ ಗೆದ್ದ ಮೇಲೆ ಗಟಾಪರ್ಚಾ ಮೂಲೆ ಸೇರಿತು. ಉಕ್ಕಿನ ಶಾಫ್ಟ್‌ಗೆ (ಕ್ಲಬ್‌ನ ಉದ್ದನೆಯ ಕಾವು) ಆರ್ ಅಂಡ್ ಎ ಒಪ್ಪಿದ್ದು 1929ರಲ್ಲಿ, ಅಮೆರಿಕದವರು ಒಪ್ಪಿ ಕೆಲವು ವರ್ಷ ಕಳೆದ ಮೇಲೆ. ಪ್ರತಿ ಸಲವೂ ಆಟ ಹಾಳಾಯಿತು ಎಂದವರಿದ್ದರು, ಪ್ರತಿ ಸಲವೂ ಆಟ ಉಳಿಯಿತು. ಹಾಗೆಂದು ಈ ಸಲದ ದೂರನ್ನೂ ಮುದುಕರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಅಂಕಿಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ.

1980ರಲ್ಲಿ ಅಮೆರಿಕದ ಪಿಜಿಎ ಟೂರ್‌ನ ಸರಾಸರಿ ಡ್ರೈವ್ (ಡ್ರೈವರ್‌ನ ಹೊಡೆತ) 257 ಗಜದ ಆಸುಪಾಸು ಇತ್ತು. 1993ರಲ್ಲಿ ಅದು ಸುಮಾರು 260. ಹದಿಮೂರು ವರ್ಷದಲ್ಲಿ ಮೂರೇ ಗಜ ಏರಿದ ಆ ಅಂಕಿ ಮುಂದಿನ ಹತ್ತೇ ವರ್ಷದಲ್ಲಿ 286ಕ್ಕೆ ನೆಗೆಯಿತು. ಈಗ 300ರ ಅಂಚಿನಲ್ಲಿದೆ. 1980ರಲ್ಲಿ ಇಡೀ ಟೂರ್‌ಗೆ ಮೊದಲಿಗನಾಗಿದ್ದ ಡ್ಯಾನ್ ಪೋಲ್ ಅವರ ಸರಾಸರಿ 274.3 ಗಜ. 2023ರಲ್ಲಿ ರೋರಿ ಮೆಕಿಲ್ರಾಯ್ ಅವರದು 326.3.

ಆ ಹತ್ತು ವರ್ಷದ ನೆಗೆತಕ್ಕೆ ಎರಡು ವಸ್ತುಗಳು ಕಾರಣ. ಒಂದಕ್ಕೊಂದು ಸಿಕ್ಕದೆ ಹೋಗಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಮೊದಲನೆಯದು ಚೆಂಡು. 1990ರ ದಶಕದವರೆಗೂ ವೃತ್ತಿಪರರು ಆಡುತ್ತಿದ್ದದ್ದು ಒಳಗೆ ದ್ರವ ತುಂಬಿದ ಪುಟ್ಟ ಗುಂಡು, ಅದರ ಮೇಲೆ ಬಿಗಿಯಾಗಿ ಸುತ್ತಿದ ರಬ್ಬರ್ ದಾರ, ಹೊರಗೆ ಮೆತ್ತನೆಯ ಬಲಾಟಾ ಹೊದಿಕೆ ಇದ್ದ ಚೆಂಡು. ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗ, ಅದರ ಪಕ್ಕದಿಂದ ಹೊಡೆದರೆ ಚೆನ್ನಾಗಿ ಕಚ್ಚಿ ನಿಲ್ಲುತ್ತಿತ್ತು. ಆದರೆ ಅದೇ ಸ್ಪಿನ್ ಡ್ರೈವರ್‌ನಲ್ಲೂ ಬರುತ್ತಿತ್ತು, ನಿಮಿಷಕ್ಕೆ 3,000 ಸುತ್ತನ್ನು ಸಲೀಸಾಗಿ ದಾಟುತ್ತಿತ್ತು. ಹಿಂಬದಿಗೆ ತಿರುಗುವ ಚೆಂಡಿನ ಮೇಲ್ಭಾಗದಲ್ಲಿ ಗಾಳಿ ವೇಗವಾಗಿ ಹಾಯುವುದರಿಂದ ಅದಕ್ಕೆ ಮೇಲ್ಮುಖ ಬಲ ಸಿಗುತ್ತದೆ. ಸ್ಪಿನ್ ಹದವಾಗಿದ್ದರೆ ಅದೇ ಚೆಂಡನ್ನು ತೇಲಿಸುತ್ತದೆ, ಅತಿಯಾದರೆ ಚೆಂಡು ಮುಂದೆ ಹೋಗುವ ಬದಲು ಮೇಲಕ್ಕೇ ಏರಿ, ವೇಗ ಕಳೆದುಕೊಂಡು, ಧೊಪ್ಪೆಂದು ಬೀಳುತ್ತದೆ. ಸ್ವಲ್ಪ ಓರೆಯಾಗಿ ತಾಗಿದರೂ ಆ ಸ್ಪಿನ್‌ನ ಅಕ್ಷ ವಾಲಿ ಚೆಂಡು ಮರಗಳತ್ತ ತಿರುಗುತ್ತದೆ. ಆದ್ದರಿಂದ ಬಲಾಟಾ ಕಾಲದವರು ಪೂರ್ತಿ ಶಕ್ತಿ ಹಾಕದೆ ಬೀಸುತ್ತಿದ್ದರು. ಹಾಕಿದವರು ಪೆಟ್ಟು ತಿನ್ನುತ್ತಿದ್ದರು.

2000ದ ಅಕ್ಟೋಬರಿನಲ್ಲಿ ಟೈಟಲಿಸ್ಟ್ ಬ್ರ್ಯಾಂಡಿನ ಪ್ರೊ ವಿ1 ಚೆಂಡು ಟೂರ್‌ಗೆ ಇಳಿಯಿತು. ಗಟ್ಟಿ ರಬ್ಬರ್ ತಿರುಳು, ಅದರ ಮೇಲೆ ಗಡಸು ಪ್ಲಾಸ್ಟಿಕ್ ಪದರ, ಹೊರಗೆ ತೆಳುವಾದ ಯುರೆಥೇನ್. ಡ್ರೈವರ್‌ನ ಬಲವಾದ ಹೊಡೆತಕ್ಕೆ ಇಡೀ ಚೆಂಡು ಅದುಮಿಕೊಳ್ಳುವುದರಿಂದ ಗಟ್ಟಿ ತಿರುಳು ಕೆಲಸ ಮಾಡುತ್ತದೆ, ಸ್ಪಿನ್ ಕಡಿಮೆ. ಹತ್ತಿರದ ಹೊಡೆತಕ್ಕೆ ಬಳಸುವ, ಮುಖ ಓರೆಯಾದ ವೆಜ್ ಎಂಬ ಕ್ಲಬ್‌ನ ಇಳಿಜಾರು ಹೊಡೆತದಲ್ಲಿ ಮೆತ್ತನೆಯ ಹೊದಿಕೆ ಗಡಸು ಪದರಕ್ಕೂ ಕ್ಲಬ್‌ನ ಗೀರುಗಳಿಗೂ ನಡುವೆ ಸಿಕ್ಕಿ ಹಿಂಡಿಕೊಳ್ಳುತ್ತದೆ, ಸ್ಪಿನ್ ಹೆಚ್ಚು. ಅದುವರೆಗೆ ದೂರ ಬೇಕೋ ಹಿಡಿತ ಬೇಕೋ ಎಂದು ಆಟಗಾರ ಆರಿಸಬೇಕಿತ್ತು. ಈ ಚೆಂಡು ಎರಡನ್ನೂ ಕೊಟ್ಟಿತು. ಒಂದೆರಡು ವರ್ಷದಲ್ಲಿ ದಾರ ಸುತ್ತಿದ ಚೆಂಡು ಟೂರ್‌ನಿಂದಲೇ ಕಣ್ಮರೆಯಾಯಿತು.

ಎರಡನೆಯದು ಡ್ರೈವರ್. ಪರ್ಸಿಮನ್ ಮರದ ಡ್ರೈವರ್‌ನ ತಲೆ ಇವತ್ತಿನದರ ಅರ್ಧಕ್ಕಿಂತ ಚಿಕ್ಕದು. ಶಾಫ್ಟ್ ಉಕ್ಕಿನದು, ತೂಕ 120 ಗ್ರಾಂ ಆಸುಪಾಸು, ಉದ್ದ ಸುಮಾರು 43 ಅಂಗುಲ. ಈಗಿನದು 460 ಘನ ಸೆಂಟಿಮೀಟರಿನ ಟೊಳ್ಳು ಟೈಟಾನಿಯಂ ಅಥವಾ ಕಾರ್ಬನ್ ತಲೆ, 60 ಗ್ರಾಂ ಸುತ್ತಮುತ್ತಲ ಗ್ರಾಫೈಟ್ ಶಾಫ್ಟ್, ಉದ್ದ 45 ಅಂಗುಲ ದಾಟಿರುತ್ತದೆ. ಹಗುರ ಮತ್ತು ಉದ್ದ ಎರಡೂ ವೇಗ ಕೊಡುತ್ತವೆ. ಆದರೆ ಮುಖ್ಯ ವಿಷಯ ಅದಲ್ಲ. ತಲೆ ದೊಡ್ಡದಾಗಿ ತೂಕವೆಲ್ಲ ಅಂಚಿಗೆ ಹೋದಷ್ಟೂ ಅದು ತಿರುಚಿಕೊಳ್ಳುವುದು ಕಷ್ಟ. ಜಡತ್ವ ಭ್ರಮಣಾಂಕ ಎನ್ನುವುದು ಇದಕ್ಕೇ. ಚೆಂಡು ಮುಖದ ಮಧ್ಯದಿಂದ ಎರಡು ಸೆಂಟಿಮೀಟರ್ ಆಚೆ ತಾಗಿದರೆ ಪರ್ಸಿಮನ್ ತಲೆ ಕೈಯೊಳಗೇ ಗಿರಕ್ಕನೆ ತಿರುಗುತ್ತಿತ್ತು. ಇವತ್ತಿನ ತಲೆ ಅಲ್ಲಾಡುವುದೇ ಕಡಿಮೆ. ಚೆಂಡು ಸ್ವಲ್ಪ ಹಿಂದೆ, ಫೇರ್‌ವೇಯ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಅಂಚಿನಲ್ಲಿ ಬಿದ್ದಿರುತ್ತದೆ. ತಪ್ಪಿಗೆ ಇಷ್ಟೇ ಬೆಲೆ ಎಂದು ಗೊತ್ತಾದ ಮೇಲೆ ಆಟಗಾರ ಶಕ್ತಿ ಉಳಿಸಿಕೊಳ್ಳುವುದು ಯಾಕೆ? ಜಿಮ್‌ಗೆ ಹೋಗಿ ಮೈ ಬೆಳೆಸಿ, ಚೆಂಡಿನ ಹಾರಾಟ ಅಳೆಯುವ ಟ್ರ್ಯಾಕ್‌ಮ್ಯಾನ್ ರಾಡಾರಿನ ಮುಂದೆ ಕೋನ, ಸ್ಪಿನ್ ಸರಿಮಾಡಿಕೊಂಡು, ಪೂರ್ತಿ ಬೀಸುವ ಪೀಳಿಗೆ ಹುಟ್ಟಿದ್ದು ಹೀಗೆ. ಫಿಟ್‌ನೆಸ್ಸೇ ಕಾರಣ, ಸಲಕರಣೆ ಅಲ್ಲ ಎಂದು ಕಂಪನಿಗಳು ವಾದಿಸುವಾಗ ಈ ಕೊಂಡಿಯನ್ನು ಬಿಟ್ಟುಬಿಡುತ್ತವೆ. ಅಷ್ಟು ಜೋರಾಗಿ ಬೀಸುವ ಧೈರ್ಯ ಕೊಟ್ಟದ್ದೇ ಆ ತಲೆ.

ನಿಯಮಗಳು ಸುಮ್ಮನೆ ಕೂತಿರಲಿಲ್ಲ ಎನ್ನುವುದೂ ನಿಜ. ಡ್ರೈವರ್‌ನ ತೆಳು ಮುಖ ಸ್ಪ್ರಿಂಗಿನಂತೆ ಒಳಕ್ಕೆ ಹೋಗಿ ಹೊರಚಿಮ್ಮುವುದಕ್ಕೆ ಮಿತಿ ಇದೆ. ಸಣ್ಣ ಉಕ್ಕಿನ ಲೋಲಕವನ್ನು ಮುಖಕ್ಕೆ ತಾಗಿಸಿ, ಅದು ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂದು ಅಳೆಯುತ್ತಾರೆ. 239 ಮೈಕ್ರೊಸೆಕೆಂಡ್ ಮಿತಿ, 18 ರಿಯಾಯಿತಿ, ಒಟ್ಟು 257. ತಲೆಯ ಗಾತ್ರಕ್ಕೆ 460 ಘನ ಸೆಂಟಿಮೀಟರಿನ ಮಿತಿ. ಉದ್ದಕ್ಕೆ 48 ಅಂಗುಲ ಸಾಮಾನ್ಯ ಮಿತಿ, 2022ರಿಂದ ಟೂರ್‌ಗಳು ಬಯಸಿದರೆ 46ಕ್ಕೆ ಇಳಿಸಬಹುದು. ಜಡತ್ವ ಭ್ರಮಣಾಂಕಕ್ಕೆ 5,900 ಗ್ರಾಂ-ಚದರ ಸೆಂಟಿಮೀಟರ್ ಮಿತಿ. ಈ ಕೊನೆಯದರಲ್ಲೊಂದು ಕಿಂಡಿ ಉಳಿದಿದೆ. ಮಿತಿ ಅನ್ವಯಿಸುವುದು ತಲೆ ಎಡಕ್ಕೋ ಬಲಕ್ಕೋ ತಿರುಗುವ ಲಂಬ ಅಕ್ಷಕ್ಕೆ ಮಾತ್ರ. ಮೇಲೆ-ಕೆಳಗೆ ವಾಲುವ ಅಕ್ಷಕ್ಕೆ ಇಲ್ಲ. 2024ರಲ್ಲಿ ಪಿಂಗ್ ಮತ್ತು ಟೇಲರ್‌ಮೇಡ್ ಕಂಪನಿಗಳು ಎರಡೂ ಅಕ್ಷಗಳ ಮೊತ್ತ 10,000 ದಾಟಿಸಿ, ಅದನ್ನೇ ‘10ಕೆ’ ಎಂದು ಜಾಹೀರಾತು ಮಾಡಿದವು. ನಿಯಮ ಮುರಿಯಲಿಲ್ಲ, ಸುತ್ತು ಹಾಕಿಕೊಂಡು ಹೋದವು.

ಲೋಲಕದ ಪರೀಕ್ಷೆಗೂ ತನ್ನದೇ ತೊಡಕಿದೆ. ಮಿತಿಯ ಅಂಚಿಗೆ ತಯಾರಾದ ಡ್ರೈವರ್ ಅಂಗಡಿಯಿಂದ ಬಂದಾಗ ನ್ಯಾಯಬದ್ಧವಾಗಿರುತ್ತದೆ. ಸಾವಿರಾರು ಹೊಡೆತಗಳ ಮೇಲೆ ಮುಖ ಸವೆದು ಮೆದುವಾಗಿ, ಒಡೆಯುವ ಮುನ್ನ ಇನ್ನಷ್ಟು ಚಿಮ್ಮತೊಡಗುತ್ತದೆ. 2019ರ ಓಪನ್‌ನಲ್ಲಿ ಝ್ಯಾಂಡರ್ ಶಾಫ್ಲಿ, 2025ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಮೆಕಿಲ್ರಾಯ್ ಮತ್ತು ಸ್ಕಾಟಿ ಶೆಫ್ಲರ್ ಡ್ರೈವರ್‌ಗಳು ಪರೀಕ್ಷೆಯಲ್ಲಿ ಹೊರಬಿದ್ದದ್ದು ಇಂಥ ಸವೆತದಿಂದ, ಮೋಸದಿಂದಲ್ಲ. ಶೆಫ್ಲರ್ ಬೇರೆ ಡ್ರೈವರ್ ಹಿಡಿದು ಆ ಟೂರ್ನಿ ಗೆದ್ದರು.

ಈ ಬದಲಾವಣೆಗೆ ಮೈದಾನಗಳು ಏನು ತೆತ್ತವು ಎಂಬುದಕ್ಕೆ ಅಮೆರಿಕದ ಮಾಸ್ಟರ್ಸ್ ಟೂರ್ನಿ ನಡೆಯುವ ಅಗಸ್ಟಾ ನ್ಯಾಷನಲ್‌ನ 13ನೇ ಹೋಲ್‌ಗಿಂತ (ಮೈದಾನದ 18 ಘಟ್ಟಗಳಲ್ಲಿ ಒಂದು) ಸ್ಪಷ್ಟ ಉದಾಹರಣೆ ಇಲ್ಲ. ಎಡಕ್ಕೆ ಬಾಗುವ ಪಾರ್ 5, ಅಂದರೆ ಐದು ಹೊಡೆತದಲ್ಲಿ ಮುಗಿಸಬೇಕಾದದ್ದು. ಗ್ರೀನ್ ಮುಂದೆ ಹಳ್ಳ. ಎರಡನೇ ಹೊಡೆತ ಇಳಿಜಾರಿನಲ್ಲಿ ನಿಂತು ಉದ್ದದ ಐರನ್ ಎಂಬ ಕ್ಲಬ್‌ನಿಂದ ಹಳ್ಳ ದಾಟಿಸಬೇಕೇ, ಬೇಡವೇ ಎಂಬ ತೂಗುಯ್ಯಾಲೆಯೇ ಆ ಹೋಲ್‌ನ ಜೀವ. 2014ರ ಮಾಸ್ಟರ್ಸ್‌ನ ಕೊನೆಯ ದಿನ ಬುಬಾ ವಾಟ್ಸನ್ ಮರಗಳ ಮೇಲಿನಿಂದ 366 ಗಜ ಹೊಡೆದು, ಉಳಿದದ್ದಕ್ಕೆ ವೆಜ್ ಹಿಡಿದರು. ತೂಗುಯ್ಯಾಲೆ ಅಲ್ಲಿಗೆ ಮುಗಿಯಿತು. ಅಗಸ್ಟಾ ಪಕ್ಕದ ಕ್ಲಬ್‌ನಿಂದ ಜಮೀನನ್ನೇ ಕೊಂಡು, 2023ಕ್ಕೆ ಟೀಯನ್ನು (ಮೊದಲ ಹೊಡೆತದ ಜಾಗ) 35 ಗಜ ಹಿಂದಕ್ಕೆ ಒಯ್ದು, 510 ಗಜದ ಹೋಲನ್ನು 545 ಮಾಡಿತು. 1997ರಲ್ಲಿ ಟೈಗರ್ ವುಡ್ಸ್ ಗೆದ್ದಾಗ 6,925 ಗಜ ಇದ್ದ ಮೈದಾನ ಇವತ್ತು 7,500 ದಾಟಿದೆ.

ಅಗಸ್ಟಾಗೆ ದುಡ್ಡಿದೆ, ಕೊಂಡಿತು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಎಲ್ಲಿಗೆ ಹಿಗ್ಗೀತು? 2010ರಲ್ಲಿ ಅದರ ಪ್ರಸಿದ್ಧ 17ನೇ ಹೋಲ್‌ನ ಟೀ 40 ಗಜ ಹಿಂದೆ ಸರಿಯಿತು. 2022ರ ಓಪನ್‌ಗೆ ಮೈದಾನ 7,313 ಗಜ ಇತ್ತು, ಆದರೂ ಕ್ಯಾಮರನ್ ಸ್ಮಿತ್ ಪಾರ್‌ಗಿಂತ 20 ಕಡಿಮೆಯಲ್ಲಿ ಗೆದ್ದರು. ಅದಕ್ಕಿಂತ ಕಿರಿಕಿರಿಯ ಸಂಗತಿ ಇನ್ನೊಂದು. ಹಲವು ಪಾರ್ 4 ಹೋಲ್‌ಗಳ ಗ್ರೀನನ್ನು ಒಂದೇ ಹೊಡೆತಕ್ಕೆ ಮುಟ್ಟಬಹುದಾದ್ದರಿಂದ, ಮುಂದಿನ ಗುಂಪು ಗ್ರೀನ್ ಖಾಲಿ ಮಾಡುವವರೆಗೆ ಹಿಂದಿನವರು ಟೀ ಮೇಲೆ ಕಾಯಬೇಕಾಯಿತು. ಮೊದಲ ದಿನದ ಸುತ್ತುಗಳು ಆರು ಗಂಟೆ ದಾಟಿದವು. ದೂರ ಹೆಚ್ಚಾದರೆ ಆಟ ಬೇಗ ಮುಗಿಯುತ್ತದೆ ಎನ್ನುವವರು ಆ ಗುರುವಾರವನ್ನು ನೆನಪಿಟ್ಟುಕೊಳ್ಳಬೇಕು. ಮೈದಾನ ಉದ್ದವಾದಷ್ಟೂ ಹುಲ್ಲು, ನೀರು, ಗೊಬ್ಬರ, ನಡಿಗೆ ಎಲ್ಲವೂ ಹೆಚ್ಚುತ್ತವೆ. 1876ರಲ್ಲಿ ಹುಟ್ಟಿ ಈಗ ನಾಲ್ಕೂ ಕಡೆ ರಸ್ತೆಗಳ ನಡುವೆ ಸಿಕ್ಕಿಕೊಂಡಿರುವ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ನಗರದ ಮೈದಾನಗಳಿಗೆ ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಉದ್ದ ಕಡಿಮೆ ಇರುವ ಮೈದಾನಗಳ ಕಥೆ ಮುಗಿಯಿತೇ? ಇಲ್ಲ ಎನ್ನುವುದಕ್ಕೆ ಪುರಾವೆ ದೆಹಲಿಯಲ್ಲೇ ಇದೆ. 2025ರ ಅಕ್ಟೋಬರಿನಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನ ಲೋಧಿ ಕೋರ್ಸ್‌ನಲ್ಲಿ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್ ನಡೆಯಿತು. ಎರಡೂ ಬದಿಗೆ ದಟ್ಟ ಪೊದೆ, ನಡುವೆ ಓಣಿಯಂಥ ಫೇರ್‌ವೇ. ಒಳಗೆ ಹೋದ ಚೆಂಡನ್ನು ಹುಡುಕುವುದೂ ಕಷ್ಟ, ಸಿಕ್ಕರೂ ಹೊಡೆಯಲಾಗದು. ಡ್ರೈವರ್ ಹೊಡೆತದಲ್ಲಿ ಜಗತ್ತಿಗೇ ಅತ್ಯುತ್ತಮ ಎನಿಸಿಕೊಂಡ ಮೆಕಿಲ್ರಾಯ್ ಆ ವಾರ ಡ್ರೈವರ್ ಬಳಸುವುದೇ ಇಲ್ಲ ಎಂದು ಮೊದಲೇ ಹೇಳಿಬಿಟ್ಟರು. ಗೆದ್ದದ್ದು ನಿಖರತೆಗೆ ಹೆಸರಾದ ಟಾಮಿ ಫ್ಲೀಟ್‌ವುಡ್. ಸ್ಕೋರು ಪಾರ್‌ಗಿಂತ 22 ಕಡಿಮೆ ಆಯಿತು, ನಿಜ. ಆದರೆ ಆ ಬರ್ಡಿಗಳು (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಫೇರ್‌ವೇಯಲ್ಲಿ ಚೆಂಡು ಇಟ್ಟವರಿಗೆ ಸಿಕ್ಕವು. ಅಮೆರಿಕದ ಮೆರಿಯನ್ ಇನ್ನೊಂದು ಸಾಕ್ಷಿ. 2013ರ ಯುಎಸ್ ಓಪನ್‌ಗೆ ಅದು 6,996 ಗಜ ಮಾತ್ರ ಇತ್ತು, ಜಸ್ಟಿನ್ ರೋಸ್ ಪಾರ್‌ಗಿಂತ ಒಂದು ಹೆಚ್ಚು ಹೊಡೆದು ಗೆದ್ದರು.

ಇದರ ವಿರುದ್ಧ ತುದಿ 2020ರ ಯುಎಸ್ ಓಪನ್. ವಿಂಗ್ಡ್ ಫುಟ್‌ನಲ್ಲಿ ಬ್ರೈಸನ್ ಡಿಶಾಂಬೊ ನಾಲ್ಕು ದಿನದಲ್ಲಿ 56 ಫೇರ್‌ವೇಗಳ ಪೈಕಿ 23ರಲ್ಲಿ ಮಾತ್ರ ಚೆಂಡು ಇಟ್ಟು ಆರು ಹೊಡೆತಗಳ ಅಂತರದಿಂದ ಗೆದ್ದರು. ರಫ್‌ನಿಂದ (ಫೇರ್‌ವೇ ಆಚೆಯ ಎತ್ತರದ ಹುಲ್ಲು) ವೆಜ್, ಫೇರ್‌ವೇಯಿಂದ ಆರನೇ ನಂಬರಿನ ಐರನ್, ಎರಡರಲ್ಲಿ ಮೊದಲನೆಯದೇ ಲಾಭ ಎಂಬ ಲೆಕ್ಕ. 2010ರಲ್ಲಿ ವೆಜ್‌ಗಳ ಗೀರುಗಳ ಗಾತ್ರ ಮತ್ತು ಅಂಚಿನ ಹರಿತ ಕಡಿಮೆ ಮಾಡಿಸಿದ್ದು ಇದೇ ಲೆಕ್ಕವನ್ನು ಬುಡಮೇಲು ಮಾಡಲು. ರಫ್‌ನಿಂದ ಹೊಡೆದ ಚೆಂಡಿಗೆ ಸ್ಪಿನ್ ಸಿಗದಿದ್ದರೆ ಫೇರ್‌ವೇಗೆ ಬೆಲೆ ಬರುತ್ತದೆ ಎಂಬ ನಿರೀಕ್ಷೆ ಇತ್ತು. ಗ್ರೀನ್‌ಗೆ 120 ಗಜವಷ್ಟೇ ಉಳಿದಿದ್ದರೆ ಸ್ಪಿನ್ ಇಲ್ಲದೆಯೂ ಬಲಶಾಲಿಗಳು ನಿಭಾಯಿಸಿಕೊಂಡರು.

ದೆಹಲಿ, ಮೆರಿಯನ್, ವಿಂಗ್ಡ್ ಫುಟ್, ಈ ಮೂರೂ ಮೈದಾನ ಒಟ್ಟಿಗಿಟ್ಟು ನೋಡಿದರೆ, ಚೆಂಡಿನಿಂದ 15 ಗಜ ಕಿತ್ತುಕೊಂಡರೂ ಡಿಶಾಂಬೊ ಲೆಕ್ಕ ಬದಲಾಗುವುದಿಲ್ಲ. ಅವನು 15 ಗಜ, ಸರಾಸರಿ ಆಟಗಾರ 11 ಗಜ ಹಿಂದಕ್ಕೆ ಬಂದಾಗ ದೂರ ಹೊಡೆಯುವವನ ಮುನ್ನಡೆ ಬಹುಪಾಲು ಹಾಗೇ ಉಳಿಯುತ್ತದೆ. ಡ್ರೈವರ್‌ನ ತಲೆಯನ್ನು 460ರಿಂದ 300 ಘನ ಸೆಂಟಿಮೀಟರಿಗೆ ಇಳಿಸಿದರೆ ಮಾತ್ರ ಪೂರ್ತಿ ಬೀಸುವ ಮೊದಲು ಯೋಚಿಸಬೇಕಾಗುತ್ತದೆ. ಕ್ರಿಕೆಟ್ ಇದೇ ಕಾಯಿಲೆಗೆ ಬ್ಯಾಟಿಗೇ ಔಷಧಿ ಕೊಟ್ಟಿತು: 2017ರ ನಿಯಮದಲ್ಲಿ ಬ್ಯಾಟಿನ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ಮೀರಬಾರದು ಎಂದಾಯಿತು. ಅಂಚಿಗೆ ತಾಗಿದ್ದೂ ಸಿಕ್ಸರ್ ಆಗುವುದನ್ನು ತಡೆಯುವುದೇ ಅದರ ಉದ್ದೇಶ.

ಗಾಲ್ಫ್ ಸಂಸ್ಥೆಗಳು ಈ ದಾರಿ ಯಾಕೆ ಹಿಡಿಯಲಿಲ್ಲ? ಡ್ರೈವರ್ ಹತ್ತಾರು ಸಾವಿರ ರೂಪಾಯಿಯ ವಸ್ತು, ಚೆಂಡು ಹೇಗೂ ಕೆರೆಗೆ ಬೀಳುವಂಥದ್ದು. ದೊಡ್ಡ ತಲೆಯಿಂದ ನಿಜವಾದ ಉಪಕಾರ ಆಗಿರುವುದೂ ವಾರಕ್ಕೊಮ್ಮೆ ಆಡುವ ಸಾಮಾನ್ಯರಿಗೆ. ವೃತ್ತಿಪರರಿಗೆ ಒಂದು, ಹವ್ಯಾಸಿಗಳಿಗೆ ಇನ್ನೊಂದು ನಿಯಮ ಮಾಡಿದ್ದರೆ ಸಮಸ್ಯೆ ಕರಗುತ್ತಿತ್ತು. 2023ರ ಮಾರ್ಚಿನಲ್ಲಿ ಸಂಸ್ಥೆಗಳು ಚೆಂಡಿನ ಮಟ್ಟಿಗೆ ಅದನ್ನೇ ಮುಂದಿಟ್ಟಿದ್ದವು, 127 ಮೈಲಿ ವೇಗದ ಪರೀಕ್ಷೆ, ಉನ್ನತ ಸ್ಪರ್ಧೆಗಳಿಗೆ ಮಾತ್ರ. ಪಿಜಿಎ ಟೂರ್ ಒಪ್ಪಲಿಲ್ಲ, ಟೈಟಲಿಸ್ಟ್ ತಯಾರಿಸುವ ಅಕುಶ್ನೆಟ್ ಕಟುವಾಗಿ ವಿರೋಧಿಸಿತು. ಟೂರ್‌ನಲ್ಲಿ ಗೆದ್ದ ಚೆಂಡನ್ನೇ ನೀವೂ ಕೊಳ್ಳಬಹುದು ಎಂಬುದರ ಮೇಲೆ ನಿಂತ ವ್ಯಾಪಾರ ಅದು. ಆದ್ದರಿಂದ ಕೊನೆಗೆ ಎಲ್ಲರಿಗೂ ಒಂದೇ ಚೆಂಡು, ಸ್ವಲ್ಪ ಸಡಿಲವಾದ ಮಿತಿ ಎಂಬ ರಾಜಿಯಾಯಿತು. ಮಧ್ಯಕ್ಕೆ ತಾಗದ ಹೊಡೆತಗಳನ್ನು ಡ್ರೈವರ್‌ಗಳು ಎಷ್ಟು ಕ್ಷಮಿಸುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತೇವೆ ಎಂದು ಅದೇ ಡಿಸೆಂಬರ್ ಪ್ರಕಟಣೆ ಹೇಳುತ್ತದೆ. ಕಾಯಿಲೆ ಎಲ್ಲಿದೆ ಎಂದು ಅವರಿಗೂ ಗೊತ್ತಿದೆ.

ಗಂಟೆಗೆ 85ರಿಂದ 95 ಮೈಲಿ ವೇಗದಲ್ಲಿ ಬೀಸುವ ಹವ್ಯಾಸಿಗೆ ಈ ಗಲಾಟೆ ಎಷ್ಟು ಸಂಬಂಧ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ತೆಳು ಗಾಳಿಯಲ್ಲಿ ಚೆಂಡು ನೂರಕ್ಕೆ ಮೂರರಷ್ಟು ಹೆಚ್ಚು ಹೋಗುತ್ತದೆ. 2030ರ ಚೆಂಡಿನಿಂದ ಆಗುವ ನಷ್ಟಕ್ಕಿಂತ ಬೆಂಗಳೂರಿನವರು ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಆಡಿದಾಗ ಆಗುವ ನಷ್ಟವೇ ಜಾಸ್ತಿ. ದೂರವೇ ಎಲ್ಲವೂ ಅಲ್ಲ ಎನ್ನುವುದಕ್ಕೂ ಬೆಂಗಳೂರಿನವರಿಗೆ ಉದಾಹರಣೆ ಹೊರಗೆ ಹುಡುಕಬೇಕಿಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದು, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ಟರ್ ಬಲದಿಂದ ನಾಲ್ಕನೆಯವರಾದರು. ಪದಕದ ಪ್ಲೇಆಫ್ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಹವ್ಯಾಸಿಗೆ ತಂತ್ರಜ್ಞಾನ ತೊಂದರೆ ಕೊಟ್ಟಿರುವುದು ಬೇರೆ ಕಡೆ: ಐರನ್‌ಗಳ ಲಾಫ್ಟ್‌ನಲ್ಲಿ, ಅಂದರೆ ಮುಖದ ಓರೆಯಲ್ಲಿ. 1990ರ ದಶಕದಲ್ಲಿ 7 ಐರನ್ ಲಾಫ್ಟ್ 34-35 ಡಿಗ್ರಿ ಇರುತ್ತಿತ್ತು. ಇವತ್ತು ದೂರಕ್ಕೆಂದೇ ಮಾರುವ ಸೆಟ್‌ಗಳಲ್ಲಿ 28-29 ಡಿಗ್ರಿ, ಅಂದರೆ ಹಳೆಯ 5 ಐರನ್. ಟೊಳ್ಳು ತಲೆಯ ತಳದಲ್ಲಿ ಟಂಗ್‌ಸ್ಟನ್ ಇಟ್ಟು ಗುರುತ್ವ ಕೇಂದ್ರ ಇಳಿಸಿರುವುದರಿಂದ ಚೆಂಡು ಕಡಿಮೆ ಲಾಫ್ಟ್‌ನಲ್ಲೂ ಎತ್ತರಕ್ಕೆ ಏಳುತ್ತದೆ, ಅದಕ್ಕೇ ತಯಾರಕರು ಲಾಫ್ಟ್ ಇಳಿಸುತ್ತಾರೆ. ಅಂಗಡಿಯ ಸಿಮ್ಯುಲೇಟರಿನಲ್ಲಿ ಗಿರಾಕಿಯ 7 ಐರನ್ ದಿಢೀರನೆ 15 ಗಜ ಹೆಚ್ಚು ಹೋಗುತ್ತದೆ, ಸೆಟ್ ಮಾರಾಟವಾಗುತ್ತದೆ. ಮೈದಾನದಲ್ಲಿ ಎರಡು ತೊಂದರೆ ಕಾಣಿಸುತ್ತದೆ. ಸ್ಪಿನ್ ಕಡಿಮೆ ಇರುವುದರಿಂದ ಗಟ್ಟಿ ಗ್ರೀನ್ ಮೇಲೆ ಚೆಂಡು ನಿಲ್ಲದೆ ಹಿಂಬದಿಗೆ ಉರುಳಿಹೋಗುತ್ತದೆ. ಇನ್ನೊಂದು, ಪಿಚಿಂಗ್ ವೆಜ್ 48ರಿಂದ 43 ಡಿಗ್ರಿಗೆ ಇಳಿದಿರುತ್ತದೆ, ಚೀಲದಲ್ಲಿರುವ ಸ್ಯಾಂಡ್ ವೆಜ್ ಮಾತ್ರ 56 ಡಿಗ್ರಿಯದೇ. ನಡುವೆ 13 ಡಿಗ್ರಿ ಖಾಲಿ. 80ರಿಂದ 110 ಗಜದ ಒಳಗೆ, ಹವ್ಯಾಸಿ ಹೆಚ್ಚು ಸಲ ನಿಲ್ಲುವ ಜಾಗದಲ್ಲೇ, ಪೂರ್ತಿ ಬೀಸಬಹುದಾದ ಕ್ಲಬ್ ಇರುವುದಿಲ್ಲ. ಅರ್ಧ ಬೀಸಿದರೆ ಚೆಂಡು ಒಮ್ಮೆ ಮುಂದೆ, ಒಮ್ಮೆ ಹಿಂದೆ.

ಹೊಸ ಸೆಟ್ ಕೊಳ್ಳುವವರು ಆದ್ದರಿಂದ 7 ಐರನ್ ಎಷ್ಟು ಗಜ ಹೋಯಿತು ಎಂದು ನೋಡುವ ಮೊದಲು ಅದರ ಲಾಫ್ಟ್ ಎಷ್ಟು, ಚೆಂಡು ಯಾವ ಕೋನದಲ್ಲಿ ಕೆಳಗಿಳಿಯಿತು ಎಂದು ಕೇಳಬೇಕು. ಇಳಿಯುವ ಕೋನ 45 ಡಿಗ್ರಿ ಸಮೀಪ ಇಲ್ಲದಿದ್ದರೆ ಗ್ರೀನ್ ಮೇಲೆ ನಿಲ್ಲುವುದು ಕಷ್ಟ. ಪಿಚಿಂಗ್ ವೆಜ್ 45ಕ್ಕಿಂತ ಕೆಳಗಿದ್ದರೆ 49-50 ಡಿಗ್ರಿಯ ಗ್ಯಾಪ್ ವೆಜ್ ಒಂದನ್ನು ಸೇರಿಸಿ, 14 ಕ್ಲಬ್‌ಗಳ ಮಿತಿಗೆ ಬೇಕಾದರೆ ಉದ್ದದ ಐರನ್ ಒಂದನ್ನು ಕೈಬಿಡಬೇಕು. ಡ್ರೈವರ್‌ನಲ್ಲೂ ಟೂರ್ ನೋಡಿ 9 ಡಿಗ್ರಿ ಕೊಳ್ಳುವುದು ಬೇಡ. 90 ಮೈಲಿಯಲ್ಲಿ ಬೀಸುವವರಿಗೆ 10.5ರಿಂದ 12 ಡಿಗ್ರಿ ಸರಿಹೊಂದುತ್ತದೆ, 2030ರ ಮಂದ ಚೆಂಡು ಕಸಿಯುವ ಗಜಗಳು ಅಲ್ಲೇ ವಾಪಸ್ ಸಿಗುತ್ತವೆ.